ಆಟದ ಕೊನೆಯ ಕೋಣೆ

ಭಾನುವಾರ, ಮಾರ್ಚ್ ೧೧

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಅಮ್ಮ ಮತ್ತು ನಾನು ಇದ್ದ ಹಾಗೇ ಇದ್ದೇವೆ. ನಮ್ಮ ಕಂಪ್ಯೂಟರ್ ಆಟ ಬಿಡುಗಡೆಯಾದ ಕೂಡಲೇ ಕಾಗದ ಬರೆಯುತ್ತೇನೆ ಅಂದಿದ್ದೆ, ಬರೆಯಲಿಲ್ಲ. ಶುರು ಮಾಡಿದ್ದನ್ನೆಲ್ಲ ಹರಿದು ಹಾಕಿದೆ. ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಮ್ಮ ತಮ್ಮ ಚಿಕ್ಕೋನ ಮಾತು ಬಂದ ಕೂಡಲೇ ನಿನ್ನ ಮನೆಯಲ್ಲಿ ಹಾಲು ಉಕ್ಕುತ್ತದೆ, ಫೋನ್ ಇಟ್ಟುಬಿಡುತ್ತೀಯ. ಕಾಗದವಾದರೆ ಅರ್ಧಕ್ಕೆ ಮಡಚಿಟ್ಟು, ಧೈರ್ಯ ಬಂದಾಗ ಮಿಕ್ಕದ್ದನ್ನು ಓದಬಹುದು.

ಅಮ್ಮನ ಮಂಡಿ ನೋವು ಹಾಗೇ ಇದೆ. ಹೊಲಿಗೆ ಬಿಡು ಎಂದರೆ ಕೇಳುವುದಿಲ್ಲ. ಪಕ್ಕದ ಮನೆಯವರ ಪರದೆ ಹೊಲಿಯುವ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡು ಕೂತಿದ್ದಾಳೆ. ಭಾವನ ಕೆಮ್ಮು ಕಡಿಮೆಯಾಯಿತಾ?

ಆಟ ಹೇಗೆ ಹೋಗ್ತಿದೆ ಎಂದು ನೀನು ಕೇಳಿದ್ದೆ. ನೀನು ಆಡುವವಳಲ್ಲ, ಅದಕ್ಕೇ ಮೊದಲು ಅದೇನು ಅಂತ ಹೇಳಿಬಿಡುತ್ತೇನೆ. ಕೋಣೆಗಳು, ಒಂದಾದ ಮೇಲೆ ಒಂದು. ಪ್ರತಿ ಕೋಣೆಯಲ್ಲೂ ಎಲ್ಲರೂ ನಿಂತಲ್ಲೇ ನಿಂತಿರುತ್ತಾರೆ, ಚಾಕು ಎತ್ತಿದವನು, ಬಾಗಿಲ ಹಿಂದೆ ಅಡಗಿದವನು, ಏನೂ ಅರಿಯದ ಒಬ್ಬ. ಆಡುವವನ ಕೈಯಲ್ಲಿ ಒಂದೇ ಗುಂಡು. ಅದು ಯಾವ ಗೋಡೆಗೆ ಬಡಿದು, ಯಾವ ಕಬ್ಬಿಣದ ಬಾಗಿಲಿಗೆ ತಾಗಿ, ಎಲ್ಲಿಗೆ ಸಿಡಿದರೆ ಆ ಏನೂ ಅರಿಯದವನು ಉಳಿಯುತ್ತಾನೆ ಎಂದು ಯೋಚಿಸಿ ಹೊಡೆಯಬೇಕು. ಹೊಡೆದ ಮೇಲೆ ಕಾಲ ಓಡುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿಯುತ್ತದೆ. ಇಡೀ ಆಟ ಕಪ್ಪು ಬಿಳುಪು, ರಕ್ತ ಮಾತ್ರ ಕೆಂಪು. ಚಿತ್ರವೆಲ್ಲ ಗುಂಡನದು. ನೆನಪಿದೆಯಲ್ಲ, ನನ್ನ ಜೊತೆ ಕೆಲಸ ಮಾಡುವವನು, ಟೈರ್ ಅಂಗಡಿಯ ಮೇಲಿನ ನಮ್ಮ ಕೋಣೆಗೆ ಮೆಟ್ಟಿಲು ಹತ್ತಿ ಬಂದರೆ ಮಾತಾಡೋಕೆ ಉಸಿರು ಸಾಲದವನು. ಹೆಸರೇ ಗುಂಡ, ಇನ್ನೆಂಥ ಆಟ ಮಾಡ್ತಾನೆ ಪಾಪ ಎಂದು ಅಮ್ಮ ಅವನನ್ನು ರೇಗಿಸುತ್ತಿದ್ದಳು.

ಮೊದಲ ವಿಮರ್ಶೆ ಬಂದ ದಿನ ಅವನು ಏದುಸಿರಿನಲ್ಲೇ ಗಟ್ಟಿಯಾಗಿ ಓದಿದ. ‘ಈ ವರ್ಷದ ಅತ್ಯಂತ ಸೊಗಸಾದ ಸಾವುಗಳು ಈ ಆಟದಲ್ಲಿವೆ’ ಎಂದು ಬರೆದಿದ್ದರು. ಕಪ್ಪು ಬಿಳುಪಿನ ಬಗ್ಗೆ, ನೆರಳುಗಳ ಬಗ್ಗೆ ಬಾಯಿ ತುಂಬ ಹೊಗಳಿಕೆ. ಗುಂಡ ಕುರ್ಚಿಯಲ್ಲಿ ಕೂತಲ್ಲೇ ಕುಣಿದ. ಅದು ಅವನಿಗೆ ಸಲ್ಲಬೇಕಾದದ್ದೇ, ನಾನೂ ಖುಷಿಪಟ್ಟೆ. ಮತ್ತೊಬ್ಬಳು ವಿಮರ್ಶಕಿ ಇದ್ದಾಳೆ, ಅವಳ ಬರಹವನ್ನು ನಾನು ಹುಡುಕಿಕೊಂಡು ಓದುವವಳು. ಅವಳು ಬರೆದದ್ದು ಬೇರೆ: ‘ಮೆದುಳಿಗೆ ಒಳ್ಳೆಯ ಕಸರತ್ತು, ಎದೆಯಲ್ಲಿ ಏನೂ ಇಲ್ಲ. ಇದನ್ನು ಮಾಡಿದವರು ಒಬ್ಬ ಮನುಷ್ಯ ಸಾಯುವುದನ್ನು ಎಂದೂ ನೋಡಿರಲಾರರು.’ ಅವಳಿಗೇನು ಗೊತ್ತು ಬಿಡು ಎಂದು ಗುಂಡ ಕಿಟಕಿ ತೆರೆದ. ಅವನಿಗೂ ಗೊತ್ತಿರಲಿಲ್ಲ ಅಕ್ಕ. ನನ್ನ ತಮ್ಮ ತೀರಿಕೊಂಡಿದ್ದಾನೆ ಎಂದಷ್ಟೇ ಅವನಿಗೆ ಹೇಳಿದ್ದೆ, ಹೇಗೆ ಎಂದು ಅವನು ಕೇಳಿರಲಿಲ್ಲ.

ನೀನೂ ನನ್ನನ್ನು ಕೇಳಲಿಲ್ಲ. ಆ ದಿನ ಠಾಣೆಯಲ್ಲಿ ನೀನು ಹೊರಗಿನ ಬೆಂಚಿನ ಮೇಲೆ ಕೂತೆ, ಅಮ್ಮನನ್ನು ನಾವು ಕರೆದುಕೊಂಡೇ ಹೋಗಿರಲಿಲ್ಲ. ಚಿಕ್ಕೋನು ಕೆಲಸಕ್ಕಿದ್ದ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಮೂಡಿದ್ದನ್ನು ನಮ್ಮ ಮನೆಯವರಲ್ಲಿ ನೋಡಿದವಳು ನಾನೊಬ್ಬಳೇ. ಸಂಜೆ, ಅಂಗಡಿಯಲ್ಲಿ ಬೆಳಕು ಚೆನ್ನಾಗಿತ್ತು. ಒಬ್ಬ ಒಳಗೆ ಬಂದು ಪಿಸ್ತೂಲು ಚಾಚಿದ. ಚಿಕ್ಕೋನು ಗಲ್ಲಾ ತೆರೆದುಕೊಟ್ಟು ಎರಡೂ ಕೈ ಮೇಲೆತ್ತಿದ. ಅವನು ಏನೂ ತಪ್ಪು ಮಾಡಲಿಲ್ಲ ಅಕ್ಕ, ಇದೊಂದು ನಿನಗೆ ಗೊತ್ತಿರಲಿ. ಕೆಮ್ಮಿನ ಔಷಧಿಗೆ ಬಂದಿದ್ದ ಮುದುಕ ಹೆದರಿ ಬಾಗಿಲ ಕಡೆ ಓಡಿದ, ಪಿಸ್ತೂಲಿನವನು ಬೆಚ್ಚಿದ, ಗುಂಡು ಹಾರಿತು, ಅಷ್ಟೆ.

ಅದಾದ ಮೇಲೆ ನನ್ನ ತಲೆಯಲ್ಲಿ ಆ ಅಂಗಡಿ ಹಾಗೇ ನಿಂತುಬಿಟ್ಟಿತು. ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ ಅದರೊಳಗಿನ ಸಾಮಾನುಗಳನ್ನು ಜರುಗಿಸುತ್ತಿದ್ದೆ. ತೂಕದ ಯಂತ್ರ ಬಾಗಿಲಿಗೆ ಅಡ್ಡ ಇದ್ದಿದ್ದರೆ? ಮುದುಕ ಓಡುವ ಬದಲು ಕೂತುಬಿಟ್ಟಿದ್ದರೆ? ಗಾಜಿನ ಕಪಾಟು ಒಂದು ಮೊಳ ಈಚೆ ಬಂದಿದ್ದರೆ? ಹೀಗೆ ಜರುಗಿಸಿ ಜರುಗಿಸಿಯೇ ಆಟ ಹುಟ್ಟಿತು. ಮಿಕ್ಕ ಕೋಣೆಗಳಲ್ಲೆಲ್ಲ ಏನೂ ಅರಿಯದವನು ಉಳಿಯುವ ದಾರಿ ಇಟ್ಟೆ. ಕೊನೆಯ ಕೋಣೆ ಆ ಔಷಧಿ ಅಂಗಡಿ. ಅದಕ್ಕೆ ದಾರಿ ಇಡಲಿಲ್ಲ. ಎಲ್ಲಿಗೆ ಹೊಡೆದರೂ ಕೌಂಟರಿನ ಹಿಂದಿನವನು ಬೀಳುತ್ತಾನೆ. ಆಡುವವರು ಸೋತು ಸೋತು, ಕೊನೆಗೊಮ್ಮೆ ಕೈ ಕೆಳಗಿಟ್ಟು ಸುಮ್ಮನೆ ಅವನ ಮುಖ ನೋಡಲಿ ಎಂದುಕೊಂಡಿದ್ದೆ.

ಯಾರೂ ನೋಡಲಿಲ್ಲ. ಕೊನೆಯ ಕೋಣೆ ಕೆಟ್ಟಿದೆ, ಮಾಡಿದವರು ಸರಿಯಾಗಿ ಪರೀಕ್ಷೆ ಮಾಡದೆ ಬಿಟ್ಟಿದ್ದಾರೆ ಎಂದು ಎಲ್ಲ ವಿಮರ್ಶೆಗಳಲ್ಲೂ ಬಂತು. ಅವರನ್ನು ಬೈದು ಪ್ರಯೋಜನವಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ಅವರಿಗೆ ಹೇಗೆ ತಿಳಿಯಬೇಕು? ಆದರೆ ವಿಡಿಯೊ ಮಾಡುವವನೊಬ್ಬ ಆ ಕೋಣೆಯಲ್ಲಿ ಸೋತು ಸೋತು ನಗಲು ಶುರು ಮಾಡಿದ. ಕೌಂಟರಿನವನು ಬೀಳುವುದನ್ನಷ್ಟೇ ಕತ್ತರಿಸಿ, ಅದಕ್ಕೊಂದು ತಮಾಷೆಯ ಸಂಗೀತ ಹಾಕಿ, ಮತ್ತೆ ಮತ್ತೆ ಬೀಳುವ ಹಾಗೆ ಜೋಡಿಸಿ ಹಾಕಿದ. ಮೊದಲು ಮಂಡಿ ಮಡಚುತ್ತದೆ, ಬಲಗೈ ಕೌಂಟರಿನ ಅಂಚನ್ನು ಹುಡುಕುತ್ತದೆ, ಕೆಳಗೆ ಬಿದ್ದ ಏನನ್ನೋ ಎತ್ತಿಕೊಳ್ಳಲು ಬಗ್ಗಿದ ಹಾಗೆ ಬೀಳುತ್ತಾನೆ. ಅದು ನಮ್ಮ ಚಿಕ್ಕೋನು ಬಿದ್ದ ರೀತಿ. ಗುಂಡನಿಗೆ ನಾನೇ ಕೋಣೆಯ ನಡುವೆ ನಿಂತು ಬಿದ್ದು ತೋರಿಸಿದ್ದೆ. ಎಷ್ಟು ಚೆನ್ನಾಗಿ ಅಭಿನಯಿಸ್ತೀಯ ಅಂತ ಅವನು ಚಪ್ಪಾಳೆ ತಟ್ಟಿದ್ದ. ಆ ತುಣುಕನ್ನು ಜನ ಒಬ್ಬರಿಗೊಬ್ಬರು ಕಳಿಸಿಕೊಂಡು ನಕ್ಕರು. ಕೆಳಗೆ ಟೈರ್ ಅಂಗಡಿಯವರೂ ನೋಡಿ ನಗುತ್ತಿದ್ದರು. ಇದು ನಿಮ್ಮದೇ ಅಲ್ವಾ ಮೇಡಂ ಎಂದು ನನಗೇ ತೋರಿಸಿದರು. ಹೌದು ಅಂದೆ.

ಆಟವನ್ನು ಪ್ರಕಟಿಸಿದ ಸಂಸ್ಥೆಯ ಹೆಂಗಸು ಫೋನ್ ಮಾಡಿದಳು. ಒಳ್ಳೆಯವಳೇ. ಆಟ ಇಷ್ಟು ಚೆನ್ನಾಗಿದೆ, ಇದೊಂದು ಕೋಣೆ ಸರಿ ಮಾಡಿಬಿಡಿ, ವಿಮರ್ಶಕರು ಮತ್ತೆ ಆಡಿ ಬರೆಯಲು ಒಪ್ಪಿದ್ದಾರೆ ಎಂದಳು. ಒಂದು ಕಪಾಟು ಜರುಗಿಸಿದರೆ ಮುಗೀತು, ಅರ್ಧ ದಿನದ ಕೆಲಸ ಎಂದ ಗುಂಡ. ಆಗ ಅವನಿಗೆ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

“ಹಾಗಿದ್ರೆ ಮುಟ್ಟೋದು ಬೇಡ,” ಅಂದ. “ಕೆಟ್ಟಿದೆ ಅಂದ್ರೆ ಅನ್ನಲಿ. ಅಲ್ಲಿಗೆ ಬಿಡೋಣ.”

ಬಿಡಬಹುದಿತ್ತು. ಅವನು ಮತ್ತೆ ಆ ಮಾತು ಎತ್ತುತ್ತಿರಲಿಲ್ಲ. ಆದರೆ ಜರುಗಿಸಿದವಳು ನಾನೇ ಅಕ್ಕ. ಯಾಕೆ ಎಂದು ಸರಿಯಾಗಿ ಹೇಳಲಾರೆ. ಆ ನಗು ನಿಲ್ಲಲಿ ಎಂದು ಸ್ವಲ್ಪ. ಒಂದೇ ಒಂದು ಸಲ ಅವನು ಬೀಳದೆ ನಿಂತಿರುವುದನ್ನು ನೋಡಬೇಕು ಎಂದು ಬಹಳ. ಗಾಜಿನ ಕಪಾಟನ್ನು ಈಚೆಗೆ ಎಳೆದೆ. ಗುಂಡು ಅದರ ಚೌಕಟ್ಟಿಗೆ ತಾಗಿ ಸಿಡಿದು ಪಿಸ್ತೂಲಿನವನಿಗೆ ಬಡಿಯಿತು. ಕೌಂಟರಿನವನು ಕೈ ಇಳಿಸಿದ, ಸುತ್ತ ನೋಡಿದ, ಬಾಗಿಲಿನಿಂದ ಆಚೆ ನಡೆದ. ಅವನಿಗೆ ಅಂತ ನಾವು ನಡಿಗೆಯನ್ನೇ ಬರೆದಿರಲಿಲ್ಲ, ಯಾವ ಕೋಣೆಯಲ್ಲೂ ಅವನು ನಡೆಯಬೇಕಾಗಿರಲಿಲ್ಲವಲ್ಲ. ಇನ್ನೊಂದು ಕೋಣೆಯ ಕಾವಲುಗಾರನ ನಡಿಗೆಯನ್ನು ತಂದು ಹಾಕಿದ್ದೆವು. ಎದೆ ಮುಂದೆ ಮಾಡಿಕೊಂಡು, ಧಿಮಾಕಿನಲ್ಲಿ ನಡೆದು ಹೋದ. ನಮ್ಮವನ ನಡಿಗೆ ಅಲ್ಲ ಅದು. ಅವನು ಚಪ್ಪಲಿ ಎಳೆಯುತ್ತಿದ್ದ, ನೀನು ದಿನಾ ಬೈಯುತ್ತಿದ್ದೆ.

ವಿಮರ್ಶಕರು ಹೇಳಿದ ಹಾಗೇ ಮತ್ತೆ ಬರೆದರು. ‘ಈಗ ಆಟ ಪೂರ್ತಿಯಾಯಿತು’ ಎಂದು ಒಬ್ಬ. ‘ಕೊನೆಯ ಕೋಣೆ ಈಗ ಆಟದ ಅತ್ಯುತ್ತಮ ಕೋಣೆ’ ಎಂದು ಇನ್ನೊಬ್ಬ. ಅಂಕಗಳು ಏರಿದವು. ಆ ವಿಮರ್ಶಕಿ ಮಾತ್ರ ತನ್ನ ಬರಹದಲ್ಲಿ ಒಂದಕ್ಷರ ಬದಲಿಸಲಿಲ್ಲ. ಅವಳ ಮೇಲೆ ನನಗೆ ಗೌರವ ಹೆಚ್ಚಾಯಿತು, ನಗಬೇಡ. ಅವಳು ಬರೆದದ್ದು ಈಗ ಸರಿಯಾಗಿದೆ, ಆ ಆಟದಲ್ಲಿ ನಿಜವಾದ ಸಾವು ಒಂದೂ ಉಳಿದಿಲ್ಲ.

ಗುಂಡ ಹೊಸ ಆಟ ಶುರು ಮಾಡೋಣ ಎನ್ನುತ್ತಾನೆ. ದಿನಾ ಹೋಗಿ ಅವನ ಎದುರು ಕೂರುತ್ತೇನೆ. ಏನೂ ಹೊಳೆಯುವುದಿಲ್ಲ. ಮುಂದೆ ಹೊಳೆಯುತ್ತದೆ ಎಂಬ ನಂಬಿಕೆಯೂ ಹೋಗಿದೆ. ಅವನು ಬಿಳಿ ಹಾಳೆಯ ಮೇಲೆ ಖಾಲಿ ಕೋಣೆಗಳನ್ನು ಬರೆದು ನನ್ನ ಕಡೆ ತಳ್ಳುತ್ತಾನೆ, ನಾನು ಹಾಗೇ ವಾಪಸು ತಳ್ಳುತ್ತೇನೆ.

ಇಷ್ಟು ದೂರ ಓದಿದ್ದರೆ ನೀನು ನನಗಿಂತ ಗಟ್ಟಿ. ಉತ್ತರ ಬರೆಯಲೇಬೇಕು ಅಂತಿಲ್ಲ. ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳ ತಲೆ ಸವರಿ ಚಿಕ್ಕಮ್ಮ ಹರಸಿದಳು ಎಂದು ಹೇಳು, ಅವರು ನೂರು ಕಾಲ ಚೆನ್ನಾಗಿರಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಎಂದಿನಂತೆ ನಿನ್ನ
ತಂಗಿ

ತಾ.ಕ.: ಕಾಗದ ಮುಗಿಸಿ ಲಕೋಟೆಗೆ ಹಾಕಿದ್ದೆ. ಒಂದು ಮಾತು ಮುಚ್ಚಿಟ್ಟಿದ್ದೆ, ಅದನ್ನು ಹೊತ್ತುಕೊಂಡು ಒಬ್ಬಳೇ ಇರಲಾರೆ.

ಹೋದ ವಾರ ಅಮ್ಮ ಆಟ ತೋರಿಸು ಅಂದಳು. ಊರವರೆಲ್ಲ ನೋಡಿದ್ದನ್ನು ನಾನೊಬ್ಬಳು ನೋಡಬಾರದಾ ಎಂದಳು. ಬೇರೆ ಯಾವುದಾದರೂ ಕೋಣೆ ತೋರಿಸಬಹುದಿತ್ತು. ನಾನು ಕೊನೆಯದನ್ನು ಹಾಕಿದೆ, ಅವನು ಬದುಕಿ ಹೋಗುವುದನ್ನು ನೋಡಿದರೆ ಅವಳಿಗೆ ಸಮಾಧಾನವಾದೀತು ಎಂದುಕೊಂಡೆ. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಕೂತಳು. ಕೌಂಟರು, ತೂಕದ ಯಂತ್ರ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು, ಅವನಿಗೆ ಊಟ ಕೊಡಲು ಅಲ್ಲಿಗೆ ಹೋಗುತ್ತಿದ್ದವಳಲ್ಲವೇ. ನಾನು ಗುಂಡು ಹಾರಿಸಿದೆ. ಅವನು ಕೈ ಇಳಿಸಿ ಬಾಗಿಲಿನಿಂದ ಆಚೆ ಹೋದ. ಅಮ್ಮ ಆ ಖಾಲಿ ಬಾಗಿಲನ್ನೇ ನೋಡುತ್ತಾ ಕೂತಿದ್ದಳು.

“ಹಾಗಾದ್ರೆ ದಾರಿ ಇತ್ತೇನೇ?” ಅಂದಳು.

ಇರಲಿಲ್ಲಮ್ಮ, ಇದು ಬರೀ ಆಟ ಅಂದೆ.

“ಈಗ ತಾನೇ ತೋರಿಸಿದ್ಯಲ್ಲೇ,” ಅಂದಳು.