ಹದಿನೆಂಟು ದಿನದ ಡಬ್ಬಿ

ಯಾದಗಿರಿ
ಬುಧವಾರ, ೨೨ ಜನವರಿ ೨೦೨೫

ಅವ್ವನಿಗೆ ಸೌಭಾಗ್ಯಳ ನಮಸ್ಕಾರ. ಅಪ್ಪ ಅಂಗಡಿಯಿಂದ ಬಂದ ಮೇಲೆ ಅವನಿಗೂ ಹೇಳು.

ಫೋನು ಬಿಟ್ಟು ಇದೇನು ಕಾಗದ ಎಂದು ನೀನು ಕನ್ನಡಕ ಹುಡುಕುತ್ತ ಗೊಣಗುತ್ತೀ, ನನಗೆ ಗೊತ್ತು. ಹಾಸ್ಟೆಲಿನಲ್ಲಿದ್ದಾಗ ನಿನಗೆ ಬರೆದದ್ದೇ ಕೊನೆ. ಏನು ಮಾಡಲಿ, ಫೋನಿನಲ್ಲಿ ನೀನು "ಹ್ಯಾಂಗ ಇದ್ದೀ ಸೌಭಾಗ್ಯ?" ಅಂದ ಕೂಡಲೇ ನನ್ನ ಬಾಯಿ ನನ್ನನ್ನು ಕೇಳದೆಯೇ "ಆರಾಮ ಇದ್ದೀನಿ" ಅಂದುಬಿಡುತ್ತದೆ. ಕೈಗೆ ಇನ್ನೂ ಆ ಚಟ ಹತ್ತಿಲ್ಲ. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ, ಸುರಪುರದ ಬಸ್ಸಿನ ಖಾಜಾಮಿಯಾ ಕಂಡಕ್ಟರರ ಕೈಯಲ್ಲಿ ನಿನ್ನ ಖಾಲಿ ಡಬ್ಬಿಗಳ ಜೊತೆ ಇದನ್ನೂ ಕೊಡುತ್ತೇನೆ.

ತೊಟ್ಟಿಲಿಗೆಂದು ನೀನು ಹೊಲಿಯುತ್ತಿರುವ ಕೌದಿಗೆ ಕೇಳಿದ ಬಟ್ಟೆ ಮಾತ್ರ ಡಬ್ಬಿಗಳ ಚೀಲದಲ್ಲಿ ಇರುವುದಿಲ್ಲ. ನಾಲ್ಕು ಸಲ ಕೇಳಿದೆ ನೀನು. "ಕೂಸಿನ ಅಪ್ಪನ ಮೈಮ್ಯಾಗಿನ ಅರಿವಿ ಒಂದು ತುಂಡರ ಬೇಕವ್ವಾ, ಹಳೀ ಲುಂಗಿ ಆದ್ರೂ ನಡಿತದ. ಅದಿಲ್ದ ಕೌದಿ ಮುಗಸಾಕ ಬರಂಗಿಲ್ಲ" ಅಂದೆ. ನಾಲ್ಕು ಸಲವೂ ನಾನು ನಾಳೆ ಕಳಿಸುತ್ತೇನೆ ಅಂದೆ. ಭಾರತ ಹುಣ್ಣಿಮೆ ಮುಗಿದ ಸೋಮವಾರ ನನ್ನ ಸೀಮಂತದ ಕುಬಸ ಎಂದು ನೀನು ಓಣಿಗೆಲ್ಲ ಹೇಳಿ ಆಗಿದೆ. ಹಸಿರು ಸೀರೆ ತರಲು ಶಹಾಪುರಕ್ಕೆ ಹೋಗುತ್ತೇನೆ ಅಂದಿದ್ದೀ. ಹೋಗಬೇಡ. ಕೌದಿಯ ಸೂಜಿಯನ್ನೂ ಎತ್ತಿಡು.

ಕೂಸು ಇಲ್ಲ ಅವ್ವ. ಈ ತಿಂಗಳ ನಾಲ್ಕನೆಯ ತಾರೀಖು, ಶನಿವಾರ, ಹೋಯಿತು. ಇವತ್ತಿಗೆ ಹದಿನೆಂಟು ದಿನ.

ಬರೆದಾಯಿತು. ಈ ಒಂದು ಸಾಲಿಗಾಗಿ ಮೂರು ಹಾಳೆ ಮುದ್ದೆ ಮಾಡಿ ಒಗೆದಿದ್ದೇನೆ. ಸಜ್ಜಿ ಅವನ್ನು ಒಂದೊಂದಾಗಿ ಸೋಫಾದ ಕೆಳಗೆ ತಳ್ಳಿಕೊಂಡು ಹೋಗಿ ಆಡುತ್ತಿದೆ.

ಹೌದು, ಬೆಕ್ಕು ಇಲ್ಲೇ ಇದೆ. ದೀಪಾವಳಿಗೆ ಬಂದಾಗ ನೀನು "ಬಸುರಿ ಇರೋ ಮನ್ಯಾಗ ಬೆಕ್ಕ ಇರಬಾರ್ದು, ಮೊದ್ಲ ಅದನ್ನ ದಾಟಸು" ಅಂದಿದ್ದೆಯಲ್ಲ, ಅತ್ತೆಯ ಮನೆಗೆ, ಮುದನಾಳಕ್ಕೆ ಕಳಿಸಿದೆ ಎಂದು ನಿನಗೆ ಹೇಳಿದೆ. ಕಳಿಸಿರಲಿಲ್ಲ. ನಿನ್ನ ವಿಡಿಯೋ ಕಾಲ್ ಬಂದಾಗಲೆಲ್ಲ ಅದನ್ನು ಬಚ್ಚಲಿಗೆ ಹಾಕಿ ಚಿಲಕ ಜಡಿಯುತ್ತಿದ್ದೆ. ಒಮ್ಮೆ ಅದು ಒಳಗಿನಿಂದ ಒದರಿದಾಗ ನೀನು "ಅದೇನ್ ಸಪ್ಪಳ?" ಅಂದೆ, ಎದುರು ಮನೆಯ ಮಸ್ತಾನಬಿಯ ಮೊಮ್ಮಗ ಅಳುತ್ತಿದ್ದಾನೆ ಅಂದೆ ನಾನು. ಮಸ್ತಾನಬಿಯ ಮಗನಿಗೆ ಇನ್ನೂ ಮದುವೆಯೇ ಆಗಿಲ್ಲ. ಈಗ ನೀನು ಎಲ್ಲವನ್ನೂ ಈ ಬೂದು ಪ್ರಾಣಿಯ ತಲೆಗೆ ಕಟ್ಟುತ್ತೀ ಎಂದು ನನಗೆ ಹೆದರಿಕೆ. ಡಾಕ್ಟರಮ್ಮನನ್ನು ಮೂರು ಸಲ ಕೇಳಿದೆ. ರಕ್ತ ಪರೀಕ್ಷೆಯಲ್ಲಿ ಅಂಥದ್ದೇನೂ ಇಲ್ಲ, ಬೆಕ್ಕಿಗೂ ಇದಕ್ಕೂ ಸಂಬಂಧವಿಲ್ಲ, ಕೆಲವು ಸಲ ಕಾರಣ ಸಿಗುವುದೇ ಇಲ್ಲ ಅಂದರು. ಕಾರಣ ಸಿಕ್ಕಿದ್ದರೆ ಚೆನ್ನಾಗಿತ್ತು. ಯಾರನ್ನಾದರೂ ಬಯ್ಯಬಹುದಿತ್ತು.

ಆ ದಿನದ್ದನ್ನು ಬರೆದುಬಿಡುತ್ತೇನೆ, ಮತ್ತೆ ಕೇಳಬೇಡ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ನಾಲ್ಕೈದು ದಿನ ಆಗಿತ್ತು. ನಿನ್ನ ಅಳಿಯ ಕಚೇರಿಗೆ ಹೋಗಿದ್ದರು. ನಾನು ಬಾಲ್ಕನಿಯ ಬಿಸಿಲಲ್ಲಿ ಕೂತು ಹಳದಿ ಉಲನ್ನಿನ ಟೊಪ್ಪಿಗೆ ಹೆಣೆಯುತ್ತಿದ್ದೆ. ಮುಂಜಾನೆಯಿಂದ ಸೊಂಟ ಹಿಡಿದಂತಿತ್ತು, ಕೂತು ಕೂತು ಹೀಗಾಗಿದೆ ಅಂದುಕೊಂಡೆ. ಎದ್ದಾಗ ಕುರ್ಚಿ ಒದ್ದೆಯಾಗಿತ್ತು. ನನ್ನ ಕೂಗು ಕೇಳಿ ಮಸ್ತಾನಬಿ ಒಲೆಯ ಮೇಲಿನ ಹಾಲು ಹಾಗೇ ಬಿಟ್ಟು ಬಂದರು, ತಮ್ಮ ಬುರ್ಖಾದ ಮೇಲೆಯೇ ನನ್ನನ್ನು ಒರಗಿಸಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮೂರು ತಾಸಿನಲ್ಲಿ ಎಲ್ಲ ಮುಗಿಯಿತು. ಹುಡುಗಿ ಎಂದು ನರ್ಸ್ ಹೇಳಿದಳು. ನೋಡುತ್ತೀರಾ ಅಂತಲೂ ಕೇಳಿದಳು. ನಾನು ಗೋಡೆಯ ಕಡೆ ತಿರುಗಿದೆ. ನಿನ್ನ ಅಳಿಯ, ಅವರ ಅಣ್ಣ ಇಬ್ಬರೂ ಮುದನಾಳಕ್ಕೆ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಯಾವ ಬದು ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಅತ್ತೆ ಒಂದು ದಿನ ಬಂದು ಇದ್ದು ಹೋದರು. ಕೆಟ್ಟ ಮನಸ್ಸಿನವರಲ್ಲ, ನಿನಗೇ ಗೊತ್ತು. ಮೂರನೆಯ ದಿನ ನನಗೆ ಎದೆ ಹಾಲು ಬಂದು ಜಂಪರು ತೊಯ್ದಾಗ ಅವರೇ ಒಣ ಬಟ್ಟೆ ಕಟ್ಟಿದರು. "ಐದು ತಿಂಗಳದ್ದಕ್ಕ ಬಾಣಂತನ ಅಂತ ಮಾಡಂಗಿಲ್ಲವ್ವಾ. ಕೆಲ್ಸ ಮಾಡ್ಕೋತ ಇದ್ರ ತಾನ ಮರೀತದ" ಅಂದರು. ಹಾಲು ಬತ್ತಲು ಡಾಕ್ಟರಮ್ಮ ಗುಳಿಗೆ ಕೊಟ್ಟರು. ಆಸ್ಪತ್ರೆಯ ಚೀಟಿಯಲ್ಲಿ ಗರ್ಭಪಾತ ಎಂದು ಬರೆದಿದ್ದಾರೆ. ನಾನು ಈಗ ಬಸುರಿಯೂ ಅಲ್ಲ, ಬಾಣಂತಿಯೂ ಅಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕೋ ಬೇಡವೋ ತಿಳಿಯದೆ ಒಂದು ದಿನ ಕಟ್ಟಿ ಒಂದು ದಿನ ಬಿಟ್ಟೆ.

ಅವತ್ತಿನಿಂದ ನಾನು ಮಾಡಿದ್ದೇನೆಂದರೆ ಹೆಣಿಗೆ. ಮೊದಲು ಆ ಹಳದಿ ಟೊಪ್ಪಿಗೆ ಬಿಚ್ಚಿದೆ. ಸುಲಭವಾಗಿ ಬಿಚ್ಚಿತು, ಒಂದು ಕೊನೆ ಹಿಡಿದು ಎಳೆದರೆ ಸಾಕು. ಅದೇ ನೂಲಿನಲ್ಲಿ ನೀರಿನ ಬಾಟಲಿಗೆ ಒಂದು ಅಂಗಿ ಮಾಡಿದೆ. ಆಮೇಲೆ ಟಿವಿ ರಿಮೋಟಿಗೆ, ಫ್ರಿಜ್ಜಿನ ಹಿಡಿಕೆಗೆ, ಬಾಗಿಲುಗಳ ಹಿಡಿಕೆಗಳಿಗೆ. ಕೂಸಿನ ಕುಂಚಿಗೆಗೆ ತಂದ ಉಲನ್ ಮುಗಿದ ಮೇಲೆ ಅಂಗಡಿಗೆ ಹೋಗಿ ಇನ್ನೂ ತಂದೆ. ಮೊನ್ನೆ ಮಸ್ತಾನಬಿ ಬಂದವರು ಅಡಿಗೆಮನೆಯಲ್ಲಿ ನಿಂತು, "ಯಾಕ್ರಿ ಸೌಭಾಗ್ಯಮ್ಮ, ಸಿಲಿಂಡರಿಗೂ ಥಂಡಿ ಹತ್ತ್ಯಾದೇನ್ರಿ? ಸ್ವೆಟರ್ ಹಾಕೀರಲ್ಲ!" ಅಂದರು. ನಾನು ನಕ್ಕೆ. ನಕ್ಕ ಮೇಲೆ ಅವರು ನನ್ನ ಮುಖವನ್ನೇ ನೋಡುತ್ತ ನಿಂತರು, ಆಮೇಲೆ ತಂದಿದ್ದ ಸಾರಿನ ಬಟ್ಟಲು ಇಟ್ಟು ಹೋದರು.

ಅಳು ಬಂದಿಲ್ಲ. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟ ಮೇಲೆ ನಮ್ಮ ತುಟಿಯೇ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗಿದೆ. ಮಿಕ್ಕಂತೆ ದಿನ ಚೆನ್ನಾಗಿಯೇ ಹೋಗುತ್ತದೆ, ಇದು ಸುಳ್ಳಲ್ಲ. ಒಂಬತ್ತು ಗಂಟೆಗೆ ನಡುಮನೆಯೊಳಗೆ ಬಿಸಿಲು ಬರುತ್ತದೆ, ಸಜ್ಜಿ ಅದರ ನಡುವೆ ಹೊಟ್ಟೆ ಮೇಲೆ ಮಾಡಿ ಮಲಗುತ್ತದೆ. ನಾನು ಅದರ ಪಕ್ಕ ಕೂತು ಚಹಾ ಕುಡಿಯುತ್ತೇನೆ. ಕೆಳಗಿನ ಮನೆಯ ಕುಕ್ಕರು ಕೂಗಿದರೆ ಬೇಳೆಯೋ ಅನ್ನವೋ ಎಂದು ಊಹಿಸುತ್ತೇನೆ. ಸಂಜೆ ನಿನ್ನ ಅಳಿಯ ಬಂದು ಬೆಕ್ಕಿನ ತಟ್ಟೆ ತೊಳೆದು, ನನಗೆ ಮತ್ತೆ ಚಹಾ ಮಾಡುತ್ತಾರೆ, ಮರೆತು ಎರಡು ಸಲ ಸಕ್ಕರೆ ಹಾಕುತ್ತಾರೆ. ಕುಡಿಯುತ್ತೇನೆ. ಅವರ ಮೇಲೆ ಸಿಟ್ಟಾಗಬೇಡ. ಅವತ್ತೇ ನಿನಗೆ ಫೋನ್ ಮಾಡಲು ಹೊರಟಿದ್ದರು. ನಾನೇ ಹೇಳುತ್ತೇನೆ, ಅಲ್ಲಿಯ ತನಕ ನೀವಾಗಲಿ ಮುದನಾಳದವರಾಗಲಿ ಸುರಪುರಕ್ಕೆ ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿದವಳು ನಾನು.

ಇನ್ನು ನಿನ್ನ ಡಬ್ಬಿಗಳ ಮಾತು. ಇದನ್ನು ಬರೆಯುವುದು ಆ ಶನಿವಾರಕ್ಕಿಂತ ಕಷ್ಟವಾಗುತ್ತಿದೆ.

ನೀನು ದಿನ ಬಿಟ್ಟು ದಿನ ಬಸ್ಸಿಗೆ ಡಬ್ಬಿ ಹಾಕುತ್ತಿದ್ದೆ. ಮಗಳಿಗೆ ಬಯಕೆ ಎಂದು. ನಾನು ಆಸ್ಪತ್ರೆಯಿಂದ ಬಂದ ಮಾರನೆಯ ದಿನವೇ ಹುಣಸೇಕಾಯಿ ತೊಕ್ಕು ಬಂತು. "ಹುಳಿ ಸಾಲ್ತದೇನು, ಇನ್ನಾ ಬೇಕೇನು?" ಅಂದೆ ನೀನು. ಇನ್ನೂ ಬೇಕು ಅಂದೆ ನಾನು. ಸಂಕ್ರಾಂತಿಗೆ ಎಳ್ಳ ಹೋಳಿಗೆ ಬಂತು, ಆಮೇಲೆ ಪುಂಡಿಪಲ್ಯ, ಆಮೇಲೆ ಮಾದಲಿ. ಎಲ್ಲವನ್ನೂ ತಿಂದೆ ಅವ್ವ. ಒಂದನ್ನೂ ಚೆಲ್ಲಲಿಲ್ಲ, ಯಾರಿಗೂ ಕೊಡಲಿಲ್ಲ. ಖಾಲಿ ಹೊಟ್ಟೆಗೆ ಬಸುರಿಯ ಊಟ ಮಾಡಿದೆ. ಫೋನಿನಲ್ಲಿ ಇವತ್ತು ಏನು ತಿನ್ನಬೇಕು ಅನ್ನಿಸುತ್ತದೆ ಎಂದು ನೀನು ಕೇಳಿದರೆ ನಿಜವಾಗಿಯೂ ಯೋಚಿಸಿ ಹೇಳುತ್ತಿದ್ದೆ. ಒಮ್ಮೆ ಕೆಂಪು ಖಾರದ ಜೊತೆ ಸೇಂಗಾ ಹಿಂಡಿ ಕೇಳಿದೆ. ಕೂಸು ಆಡುತ್ತದೆಯೇ ಎಂದು ನೀನು ಕೇಳಿದ್ದಕ್ಕೆ ಆಡುತ್ತದೆ ಅಂದೆ. ಆ ಮಾತಿಗೆ ನನಗೆ ಕ್ಷಮೆ ಇದೆಯೋ ಇಲ್ಲವೋ ಗೊತ್ತಿಲ್ಲ.

ನಿನ್ನ ರಕ್ತದೊತ್ತಡಕ್ಕೆ ಹೆದರಿ ಹೇಳಲಿಲ್ಲ ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಮೊಮ್ಮಗುವಿಗಾಗಿ ಎಂಟು ವರ್ಷ ಕಾದು ತಿಂಥಣಿಯ ಗುಡಿಗೆ ಬರಿಗಾಲಲ್ಲಿ ನಡೆದು ಹೋದವಳಿಗೆ ಹೇಗೆ ಹೇಳಲಿ ಅಂತಲೂ ಬರೆಯಬಹುದಿತ್ತು. ಎರಡೂ ಅಷ್ಟಿಷ್ಟು ನಿಜವೇ. ಆದರೆ ನಿಜವಾದ ಕಾರಣ ಬಹಳ ಸಣ್ಣದು, ನಾಚಿಕೆಗೇಡಿನದು. ಹೇಳಿದರೆ ಡಬ್ಬಿ ನಿಲ್ಲುತ್ತದೆ ಅಂತ ಹೇಳಲಿಲ್ಲ. ಮದುವೆಯಾದ ಮೇಲೆ ನೀನು ನನಗಾಗಿ ಹೀಗೆ ಒಲೆಯ ಮುಂದೆ ಕೂತದ್ದು ಇದೇ ಮೊದಲು. ನಾನು ಬಸುರಿ ಎಂದೇ ಅದೆಲ್ಲ ಬರುತ್ತಿತ್ತು, ಅಲ್ಲವೇ. ಬಸಿರು ಹೋದ ಮೇಲೆ ಅವು ಯಾವ ಲೆಕ್ಕದಲ್ಲಿ ಬರಬೇಕು? ದಿನಕ್ಕೆ ಎರಡು ಸಲ ಫೋನ್ ಯಾಕೆ ಮಾಡಬೇಕು? ಈ ಹದಿನೆಂಟು ದಿನ ನನಗೆ ಮೈಯಲ್ಲಿ ಏನಾದರೂ ತಿಳಿದದ್ದಿದ್ದರೆ ಅದು ನಿನ್ನ ಕೈಯ ಉಪ್ಪು, ಖಾರ, ಹುಳಿ ಮಾತ್ರ. ಅದನ್ನು ಬಿಡಲು ನನ್ನಿಂದ ಆಗಲಿಲ್ಲ. ಮೋಸ ಮಾಡಿ ತಿಂದೆ.

ಈಗ ಹೇಳಿದೆ. ಓಣಿಯವರಿಗೆ ನೀನೇ ಏನಾದರೂ ಹೇಳು. ಕುಬಸಕ್ಕೆ ಕರೆದವರಿಗೆ ಬೇಡ ಅನ್ನು. ಬಯ್ಯಬೇಕು ಅನ್ನಿಸಿದರೆ ಫೋನಿನಲ್ಲಿ ಬಯ್ಯಿ, ಆದರೆ ಅಪ್ಪನ ಮುಂದೆ ಬೇಡ. ಸಿಟ್ಟು ಇಳಿಯುವ ತನಕ ಫೋನ್ ಮಾಡದೇ ಇದ್ದರೂ ನಡೆಯುತ್ತದೆ. ಡಬ್ಬಿಗಳನ್ನು ಚೆನ್ನಾಗಿ ತೊಳೆದು ಒಣಗಿಸಿದ್ದೇನೆ, ಒಂದರ ಮುಚ್ಚಳ ಸ್ವಲ್ಪ ಸಡಿಲಾಗಿದೆ, ನೋಡಿಕೊ.

ನಿನ್ನ ಮಗಳು,
ಸೌಭಾಗ್ಯ

ತಾ.ಕ.: ಇದನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಬಸ್ಸು ಹೊರಡಲು ಇನ್ನೂ ಹದಿನೈದು ನಿಮಿಷ ಇದೆಯಂತೆ. ನಾನು ಚೀಲ ಕೊಡುವ ಮೊದಲೇ ಖಾಜಾಮಿಯಾ ನಿನ್ನ ಡಬ್ಬಿ ಕೈಗಿಟ್ಟರು. "ಅವ್ವಾರು ಹೇಳಿ ಕಳಿಸ್ಯಾರ್ರಿ. ದಿನಾ ಮುಂಜಾನಿ ಬಿಸಿ ಹಾಲಿನ ಜೋಡಿ ಒಂದೊಂದು ತಿನ್ನಬೇಕಂತ್ರಿ. ತಣ್ಣೀರಾಗ ಕೈ ಇಡಬಾರ್ದಂತ, ಕಿವಿಗೆ ಅರಿವಿ ಕಟ್ಕೋಬೇಕಂತ. ನಾಳಿ ಮೊದಲ್ನೇ ಬಸ್ಸಿಗೆ ತಾವ ಬರ್ತಾರಂತ" ಅಂದರು. ಏನೂ ತಿಳಿಯದೆ ಮುಚ್ಚಳ ತೆಗೆದೆ. ಅಂಟಿನುಂಡಿ. ಅಂಟು ತುಪ್ಪದಲ್ಲಿ ಹುರಿದು, ಉತ್ತತ್ತಿ, ಒಣ ಕೊಬ್ಬರಿ ಹಾಕಿ, ಇನ್ನೂ ಬೆಚ್ಚಗಿವೆ. ನಿನ್ನ ಅಳಿಯನಿಗೆ ಫೋನ್ ಮಾಡಿದೆ. ಬಟ್ಟೆಗಾಗಿ ನೀನು ಸೋಮವಾರ ಅವರ ಕಚೇರಿಗೇ ಫೋನ್ ಮಾಡಿದೆಯಂತೆ, "ನನಗ ತಡಕೊಳ್ಳಾಕ ಆಗ್ಲಿಲ್ಲ, ಹೇಳಿಬಿಟ್ಟೆ" ಅಂದರು. ಎರಡು ದಿನದಿಂದ ನಿನ್ನ ಫೋನ್ ಯಾಕೆ ಇಲ್ಲ ಎಂದು ಈಗ ತಿಳಿಯಿತು. ಇನ್ನು ಈ ಕಾಗದ ಬೇಕಾಗಿರಲಿಲ್ಲ, ಆದರೂ ಕಳಿಸುತ್ತೇನೆ. ನನ್ನ ಕೈಯಿಂದಲೂ ನಿನಗೆ ತಿಳಿಯಬೇಕು. ಈ ಉಂಡಿಯನ್ನು ಹಡೆದವಳಿಗೆ ಕಟ್ಟುತ್ತಾರೆ ಅವ್ವ. ಆಸ್ಪತ್ರೆಯವರಿಗೆ, ಅತ್ತೆಗೆ, ನನಗೂ ಸಹ, ನಾನು ಹಡೆದವಳು ಅಂತ ಅನ್ನಿಸಿರಲಿಲ್ಲ. ಒಂದು ಬಾಯಿಗೆ ಹಾಕಿಕೊಂಡಿದ್ದೇನೆ, ನುಂಗಲು ಆಗುತ್ತಿಲ್ಲ. ಜನ ನೋಡುತ್ತಿದ್ದಾರೆ, ಖಾಜಾಮಿಯಾ ನೀರು ತರಲು ಹೋಗಿದ್ದಾರೆ. ನನ್ನ ಮಗಳಿಗಾಗಿ ಅಳುತ್ತಿದ್ದೇನೆ.