ಹೊಯ್ಗೆಯರ ಹೊಸ್ತಿಲ ಜಗಳ

ಫೆಬ್ರವರಿ ಮೂವತ್ತು, ೨೩೯೧

ಊರೂರು ತಿರುಗಿ ಜನರ ಮಾತು, ಹಾಡುಗಳನ್ನು ದಾಖಲಿಸುತ್ತಿರುವವರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ಈಗ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ಅದನ್ನು ನಿಮ್ಮ ಧ್ವನಿಮುದ್ರಿಕೆಗಳಿಂದಲೇ ಕಲಿತೆ. ನಾನು ಕಿವಿಗಾರ, ನೀವು ಬಿಟ್ಟುಹೋದ ಧ್ವನಿಗಳನ್ನು ಬೇಕಾದವರಿಗೆ ಹುಡುಕಿಕೊಡುವವನು. ಒಬ್ಬರು ಮುತ್ತಜ್ಜಿಯ ಲಾಲಿ ಬೇಕೆನ್ನುತ್ತಾರೆ, ಇನ್ನೊಬ್ಬರು ದೋಣಿ ಎಳೆಯುವವರ ಕೂಗು. ಕೊಟ್ಟು ಕಳಿಸಿ ನನ್ನ ಪಾಡಿಗೆ ಇರುತ್ತೇನೆ. ಈ ವರ್ಷ ಕೇಳಲು ಬಂದವಳು ಮಾತ್ರ ನನ್ನ ಮಗಳು ತುಂಬೆ.

ಅವಳು ಒಪ್ಪಿದ ಹುಡುಗ ಹೊಯ್ಗೆಯರವನು. ನದಿ ಕಡಲು ಸೇರುವ ಅಳಿವೆಯ ಮರಳುದಿಬ್ಬಗಳ ಮೇಲಿದ್ದ ಆ ಜನ ಈಗ ತೇಲುಮನೆಗಳಲ್ಲಿದ್ದಾರೆ; ಕಡಲಿನ ಭರತ ಬಂದು ನೀರೇರಿದಾಗ ಮನೆಯೂ ಏರುತ್ತದೆ, ಒಲೆಯೂ ಏರುತ್ತದೆ. ಅವರಲ್ಲಿ ಮದುಮಗಳು ಸೊಂಟದಲ್ಲಿ ಕೊಡವಿಟ್ಟುಕೊಂಡು ಹೊಸ್ತಿಲಾಚೆ ನಿಲ್ಲಬೇಕು. ಮನೆಯ ಹಿರಿಯಳು ಕೆಣಕುತ್ತಾಳೆ, ಇವಳು ಎದುರುತ್ತರ ಕೊಡಬೇಕು. ಹಿರಿಯಳು ನಕ್ಕರೆ ಮಾತ್ರ ಒಳಗೆ. ಹುಡುಗನ ಅಜ್ಜಿ ಜಟ್ಟಕ್ಕನಿಗೆ ಕೆಣಕುವ ಮಾತುಗಳಷ್ಟೇ ನೆನಪಿದ್ದವು. ಉತ್ತರ ಅವರ ಭಾಷೆಯಲ್ಲೇ ಬರಬೇಕು, ನಗು ಬರದಿದ್ದರೆ ತಾನು ಸುಳ್ಳುನಗೆ ನಗುವವಳಲ್ಲ ಎಂದು ಮೊದಲೇ ತಿಳಿಸಿದ್ದರು.

ಆ ಎದುರುತ್ತರ ಹುಡುಕಲು ಹೊಯ್ಗೆಯರ ನಲವತ್ತು ಗಂಟೆಗಳ ಮುದ್ರಿಕೆ ಕೇಳಿದೆ. ಹಾಡು, ಕತೆ, ಮೀನುಗಳ ಹೆಸರು, ಎಲ್ಲವೂ ಸ್ವಚ್ಛ. ಜಗಳ ಎಲ್ಲಿಯೂ ಇಲ್ಲ. ಕೊನೆಗೆ ಒಂದು ಕಡೆ, ನಿಮ್ಮವರೊಬ್ಬರು ಯಂತ್ರ ನಿಲ್ಲಿಸಲು ಮರೆತು ಚಹಾಕ್ಕೆ ಎದ್ದುಹೋಗಿದ್ದಾರೆ. ಬೀರಮ್ಮ ಎಂಬ ಮುದುಕಿ ತನ್ನ ಸೊಸೆಯೊಡನೆ ಹಳೆಯ ಹೊಸ್ತಿಲ ಜಗಳವನ್ನೇ ಮೋಜಿಗೆ ಮತ್ತೆ ಆಡುತ್ತಿದ್ದಾಳೆ.

"ಮೀನು ಕೊಯ್ಯೂಕೆ ಬತ್ತದ್ಯೆ?"

"ಕೊಯ್ಯೂಕೆ ನಿಮ್ಮ ಮಗ ಇದ್ನಲ್ಲ. ನಾ ಬಂದದ್ದು..."

ಅಷ್ಟರಲ್ಲಿ ಚಪ್ಪಲಿ ಸದ್ದು. "ಅಯ್ಯೋ, ಇದು ಓಡ್ತಾನೇ ಇದೆ." ಟಕ್.

ತುಂಬೆ ಆ ಅರ್ಧವನ್ನೇ ಬಾಯಿಪಾಠ ಮಾಡಿದಳು. ಮದುವೆಯ ದಿನ ಜಟ್ಟಕ್ಕ ಆ ಮೀನಿನ ಪ್ರಶ್ನೆಯನ್ನೇ ಕೇಳಿದರು, ಇವಳು ಹೇಳಿದಳು, ಮುದ್ರಿಕೆ ನಿಂತಲ್ಲೇ ನಿಂತಳು. ಜಟ್ಟಕ್ಕನ ಮುಖ ಅಲುಗಲಿಲ್ಲ.

ತುಂಬೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ನಮ್ಮ ಭಾಷೆಯಲ್ಲೇ ಅಂದಳು: "ಮುಂದಿನದು ಸಿಕ್ಕಿಲ್ಲ ಅಜ್ಜಿ. ಒಳಗೆ ಕರೆದರೆ ದಿನಾ ಜಗಳಾಡಿ ಹುಡುಕೋಣ."

ಜಟ್ಟಕ್ಕ ತಡೆದರು, ಸೆರಗು ಬಾಯಿಗೆ ಒತ್ತಿಕೊಂಡರು, ಆಗಲಿಲ್ಲ. ನಕ್ಕೇಬಿಟ್ಟರು.

ನನ್ನ ಕೋರಿಕೆ ಸಣ್ಣದು. ಹಾಡು ಮುಗಿದ ಮೇಲೂ ಯಂತ್ರ ಓಡುತ್ತಿರಲಿ. ಓಡುತ್ತಿದೆ ಎಂದು ಮನೆಯವರಿಗೆ ಹೇಳಿಯೇ ಹೋಗಿ. ಹೇಳಿದರೆ ಇನ್ನೂ ಹುರುಪಿನಿಂದ ಜಗಳಾಡಿಯಾರು. ಮತ್ತೆ ಎರಡನೆಯ ಲೋಟ ಚಹಾ ಕೊಟ್ಟರೆ ದಯವಿಟ್ಟು ಬೇಡ ಎನ್ನಬೇಡಿ.