ಕಿತ್ತಿಟ್ಟ ಬಲ್ಬು

೮ ಡಿಸೆಂಬರ್ ೨೦೦೮, ಸೋಮವಾರ

ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ಮೂರು ಆಟೋ ರಿಪೇರಿ, ಒಂದು ಕ್ಲಚ್. ಹನ್ನೊಂದಕ್ಕೆ ಇದ್ರೀಸ್ ಬಂದ. ಏಳನೇ ಕ್ಲಾಸಿನವರೆಗೆ ಜೊತೆಗೆ ಓದಿದವನು, ಈಗ ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿ ಸಾಹೇಬರ ಡ್ರೈವರ್. ಜಪಾನಿನಿಂದ ತರಿಸಿದ ಕಾರು. ಸೈಲೆನ್ಸರ್ ಅತಿಯಾಗಿ ಕಾದರೆ ಹತ್ತಬೇಕಾದ ಕೆಂಪು ಲೈಟು, ತಣ್ಣಗಿದ್ದಾಗಲೂ ಹತ್ತಿಕೊಂಡೇ ಇದೆ.

“ಲೇ ಕೃಷ್ಣ, ಸಾಹೇಬ್ರು ಅದ್ನ ನೋಡ್ನೋಡಿ ಬೆವರ್ತಾರೆ ಕಣ್ಲಾ. ಒಸಿ ಬೇಗ ಮಾಡ್ಕೊಡು.”

“ಬುಟ್ಟೋಗು, ಗುರುವಾರ ಬಾ” ಅಂದೆ. ಇಂಥ ಗಾಡಿ ನನ್ನ ಶೆಡ್ಡಿಗೆ! ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

೯ ಡಿಸೆಂಬರ್

ವೈರು ಸರಿ. ಫ್ಯೂಸ್ ಸರಿ. ಸೈಲೆನ್ಸರಿನ ಶಾಖ ಅಳೆಯುವ ಸೆನ್ಸರ್ ಬಿಚ್ಚಿದೆ. ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಹೂತು, ಮೀಟರ್ ಹಚ್ಚಿದೆ. ಕಾದಂತೆಲ್ಲ ರೀಡಿಂಗ್ ಇಳಿಯಬೇಕು. ಕದಲಲೇ ಇಲ್ಲ. ಸೆನ್ಸರ್ ಸತ್ತಿದೆ.

“ಕಡ್ಲೆಕಾಯ್ ಹುರಿಯೋ ಬಾಣ್ಲಿ ಕಣ್ಲಾ ಅದು!” ಅಂತ ಅವ್ವ ಸಂಜೆತನಕ ಬೈದಳು.

೧೧ ಡಿಸೆಂಬರ್, ಗುರುವಾರ

ಬೆಂಗಳೂರಿಗೆ ಫೋನ್ ಮಾಡಿದೆ. ಹೊಸ ಸೆನ್ಸರ್ ಬರಲು ಒಂದು ತಿಂಗಳಂತೆ, ಆರ್ಡರ್ ಕೊಟ್ಟೆ. ಆಗಲಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಳೆಯದನ್ನೇ ಕೂರಿಸಿ, ಡ್ಯಾಶ್‌ಬೋರ್ಡ್ ಬಿಚ್ಚಿ ಆ ಲೈಟಿನ ಬಲ್ಬನ್ನೇ ಕಿತ್ತೆ.

“ಭೇಷ್ ಕಣ್ಲಾ!” ಅಂದ ಇದ್ರೀಸ್. “ಗಾಡಿ ದಿಣ್ಣೇಲಿ ಒಸಿ ಜರ್ಕ್ ಹೊಡೀತೈತೆ, ಅದ್ನೂ ನೋಡು.”

“ಪೆಟ್ರೋಲ್ ಸರಿಯಿಲ್ಲ, ಹೋಗ್ಲಾ.” ಬಾನೆಟ್ಟೂ ಎತ್ತಲಿಲ್ಲ. ಸೆನ್ಸರ್ ಬಂದ ದಿನ ಸದ್ದಿಲ್ಲದೆ ಎಲ್ಲ ಹಾಕಿಬಿಟ್ಟರಾಯಿತು.

೨೭ ಡಿಸೆಂಬರ್

ಮರಳವಾಡಿ ರೋಡಿನಲ್ಲಿ ಹುರುಳಿ ಹರಡಿದ್ದರು. ಗಾಡಿಗಳು ತುಳಿದು ಕಾಳು ಉದುರಲಿ ಅಂತ ಪ್ರತಿ ವರ್ಷ ಹರಡುತ್ತಾರೆ, ನಾವೂ ಹತ್ತಿಸಿಕೊಂಡೇ ಹೋಗುತ್ತೇವೆ. ಇದ್ರೀಸನ ಕಾರಿನ ಅಡಿಗೆ ಬಳ್ಳಿ ಸುತ್ತಿಕೊಂಡು ಬೆಂಕಿ ಹತ್ತಿದೆ. ಹಿಂದಿನ ಬಾಗಿಲು ಕಿತ್ತು ಇದ್ರೀಸ್ ಸಾಹೇಬರನ್ನು ಹೊರಗೆ ಎಳೆದು ಹಾಕಿದ್ದಾನೆ. ಅವರಿಗೆ ತರಚಿದ ಗಾಯ. ಇವನಿಗೆ ಎರಡೂ ಕೈ ಸುಟ್ಟಿವೆ.

ಹೋಗಿ ಸುಟ್ಟ ಗಾಡಿ ನೋಡಿದೆ. ಇಂಜಿನ್ನಿನ ಒಂದು ಪ್ಲಗ್ ಕಿಡಿಯನ್ನೇ ಕೊಟ್ಟಿಲ್ಲ. ಸುಡದ ಪೆಟ್ರೋಲ್ ಹೋಗಿ ಒಳಗೆ ಉರಿದು ಸೈಲೆನ್ಸರ್ ಕೆಂಡವಾಗಿದೆ, ಬಳ್ಳಿ ಅದಕ್ಕೇ ಹತ್ತಿಕೊಂಡಿದೆ. ಅದೇ ಜರ್ಕ್. ಸೆನ್ಸರ್ ಸತ್ತಿದೆ ಅಂತ ಹೇಳಿದ್ದರೆ ಗಾಡಿ ಶೆಡ್ಡಿನಲ್ಲೇ ನಿಂತಿರುತ್ತಿತ್ತು.

೨ ಜನವರಿ ೨೦೦೯

ಇದ್ರೀಸನ ಹೆಂಡತಿ ಮುನವ್ವರಾ ಬಂದಿದ್ದಳು. ಸೈಲೆನ್ಸರ್ ಕಾದಾಗ ಲೈಟು ಹತ್ತಿರಲೇಬೇಕು, ಡ್ರೈವರ್ ಲೆಕ್ಕಿಸಿಲ್ಲ—ಫ್ಯಾಕ್ಟರಿಯವರ ಮಾತು. ಕೆಲಸವೂ ಇಲ್ಲ, ಆಸ್ಪತ್ರೆ ಖರ್ಚೂ ಕೊಡುವುದಿಲ್ಲವಂತೆ.

“ಲೈಟ್ ಬಂದೇ ಇಲ್ಲ ಅಂದ್ರೆ ನಂಬೋರಿಲ್ಲ ಅಣ್ಣ. ರಿಪೇರಿ ಮಾಡಿದೋರು ನೀವು. ಬಂದು ಒಂದ್ಮಾತು ಹೇಳಿ.”

ಹೂಂ ಅಂದೆ. ಹೇಳಿದರೆ ಇದ್ರೀಸ್ ಉಳಿಯುತ್ತಾನೆ. ಶೆಡ್ ಉಳಿಯುವುದಿಲ್ಲ, ಜೈಲೂ ಆಗಬಹುದು.

೫ ಜನವರಿ

ಫ್ಯಾಕ್ಟರಿ ಗೇಟಿನವರೆಗೆ ಹೋದೆ. ಟೀ ಕುಡಿದು ವಾಪಸ್. ಥೂ, ನನ್ನ ಜನ್ಮಕ್ಕೆ.

೬ ಜನವರಿ, ಸಂಜೆ

ಬೆಂಗಳೂರು. ಆಸ್ಪತ್ರೆ. ಇದ್ರೀಸನ ಎರಡೂ ಕೈಗೆ ಬ್ಯಾಂಡೇಜ್. ಮುನವ್ವರಾ ಮಾತ್ರೆ ತರಲು ಹೋದ ಮೇಲೆ ಹತ್ತಿರ ಕರೆದ.

“ಫ್ಯಾಕ್ಟರಿಯೋರು ಬಂದಿದ್ರು. ಲೈಟ್ ಹತ್ತಿತ್ತು, ನಾನೇ ನೋಡ್ಲಿಲ್ಲ ಅಂತ ಹೇಳ್ಬುಟ್ಟೆ.”

“ಯಾಕ್ಲಾ?”

“ಕೀ ತಿರುಗ್ಸಿದ್ರೆ ಎಲ್ಲಾ ಲೈಟೂ ಒಂದ್ಸಲ ಹತ್ತಿ ಆರ್ತವೆ. ಅದೊಂದು ಹತ್ತುತಿರ್ಲಿಲ್ಲ. ಮಾರ್ನೇ ದಿನವೇ ಗೊತ್ತಾಯ್ತು. ಕೃಷ್ಣ ಏನೋ ಮಾಡವ್ನೆ, ಆಮ್ಯಾಕೆ ಸರಿ ಮಾಡ್ತಾನೆ ಅಂದ್ಕೊಂಡೆ.” ಉಸಿರು ಎಳೆದುಕೊಂಡ. “ನನ್ ಕೈಯಂತೂ ಹೋಯ್ತು. ನಿನ್ ಕೈಯಾದ್ರೂ ದುಡೀಲಿ. ಮುನವ್ವರಾಗೆ ಹೇಳ್ಬ್ಯಾಡ.”

ಬಸ್ಸಿನಲ್ಲಿ ಅಳು ಬಂತು. ಪಕ್ಕದವರು ಏನಾಯ್ತು ಅಂದರು. ಧೂಳು ಅಂದೆ.

೯ ಜನವರಿ, ಮಧ್ಯಾಹ್ನ

ಮುನವ್ವರಾ ಮತ್ತೆ ಬಂದಳು. ಒಳಗೆ ಬರಲಿಲ್ಲ, ಶೆಡ್ಡಿನ ಬಾಗಿಲಲ್ಲೇ ನಿಂತಳು.

“ಇವ್ರದೇ ತಪ್ಪಂತೆ ಅಣ್ಣ. ಇವ್ರೇ ಒಪ್ಕೊಂಡವ್ರೆ. ಸುಮ್ನೆ ನಿಮ್ನ ಎಳೆದ್ಬುಟ್ಟೆ. ಮನಸ್ಸಿಗೆ ಹಾಕ್ಕೋಬ್ಯಾಡಿ.”

ಕ್ಷಮೆ ಕೇಳಿದಳು. ನನ್ನನ್ನು! ಸ್ಪ್ಯಾನರ್ ಕೆಳಗಿಟ್ಟು ಸ್ಟೂಲ್ ಎಳೆದೆ. ಕೂತಳು.

“ಮುನವ್ವರಾ,” ಅಂದೆ, “ಆ ಲೈಟು ನಾನು—”